ಉಭಯ ಸದನಗಳೆದುರಿನ ಭಾಷಣ ಯಾರದು?

2026ನೆಯ ಇಸವಿ ಜನವರಿ 22ರಂದು ಬೆಂಗಳೂರಿನ ವಿಧಾನಸೌಧದಲ್ಲಿ ನಮ್ಮ ವಿಧಾನಸಭೆಯೂ ವಿಧಾನ ಪರಿಷತ್ತೂ ಒಂದೇ ಮಂದಿರದಲ್ಲಿ ಕೂಡಿದ್ದುವು. ವರ್ಷದ ಪ್ರಥಮಾಧಿವೇಶನದ ಆರಂಭದಲ್ಲಿ ರಾಜ್ಯಪಾಲರು ಮಾಡತಕ್ಕ ಭಾಷಣವನ್ನು ಕೇಳುವುದೇ ಆ ಕೂಟದ ಉದ್ದೇಶವಾಗಿದ್ದಿತು. ರಾಜ್ಯಪಾಲರಾದ ಶ್ರೀಮಾನ್ ಥಾವರ್‌ಚಂದ್ ಗೆಹ್ಲೋಟರು ಬಂದರು. ಮಂತ್ರಿಮಂಡಲವು ಸಿದ್ಧಪಡಿಸಿ ಕೊಟ್ಟಿದ್ದ ಭಾಷಣವನ್ನು ಓದದೆ, ಕೆಲವೇ ಮಾತುಗಳನ್ನಾಡಿ ಹೊರಟುಹೋದರು. ಕೇಂದ್ರ ಸರ್ಕಾರದ ಹೊಸ ಗ್ರಾಮೀಣ ಉದ್ಯೋಗ ಕಾಯಿದೆಯನ್ನು ಟೀಕಿಸುವ ಕಂಡಿಕೆಗಳು ಅವರಿಗೆ ಸಮ್ಮತವಾಗಿರಲಿಲ್ಲ. ಒಂದು ಪಕ್ಷದವರು, ರಾಜ್ಯಪಾಲರು ಸಂವಿಧಾನವನ್ನು ಉಲ್ಲಂಘಿಸಿದರೆಂದರು. ಇನ್ನೊಂದು ಪಕ್ಷದವರು, ಮಂತ್ರಿಗಳು ರಾಜ್ಯಪಾಲರ ಬಾಯಿಂದ ತಮ್ಮ ಪಕ್ಷದ ಮಾತನ್ನಾಡಿಸಹೊರಟರೆಂದರು. ರಾಜಭವನದ ಹಕ್ಕೇನು, ಮಂತ್ರಿಮಂಡಲದ ಹಕ್ಕೇನು ಎಂಬ ಚರ್ಚೆಯೇ ಊರೂರಲ್ಲಿ ನಡೆಯಿತು. ಆದರೆ ಆ ದಿನ ಆಸನಗಳಲ್ಲಿ ಕುಳಿತು ಕಾದಿದ್ದ ಸದಸ್ಯರ ಹಕ್ಕೇನೆಂದು ಕೇಳಿದವರು ವಿರಳ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಬಡವಾದುದು ಶಾಸನ ಸಭೆ. ಅದರ ಮೂಲಕ ನಾಡಿನ ಪ್ರಜೆ.

ಈ ಭಾಷಣವು ರಾಜ್ಯಪಾಲರ ಸ್ವಂತ ಸೊತ್ತೂ ಅಲ್ಲ, ಮಂತ್ರಿಗಳ ಪ್ರಚಾರಪತ್ರವೂ ಅಲ್ಲ, ಅದು ಸದನಗಳಿಗೆ ಸಲ್ಲತಕ್ಕ ಲೆಕ್ಕ ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಈ ದೃಷ್ಟಿಯಿಂದ ನೋಡಿದರೆ ಇಬ್ಬರ ತಪ್ಪುಗಳೂ ಸ್ಪಷ್ಟವಾಗಿ ಕಾಣುತ್ತವೆ.

ಸಂವಿಧಾನದ 176ನೆಯ ಅನುಚ್ಛೇದವು ಏನು ಹೇಳುತ್ತದೆಂಬುದನ್ನು ಮೊದಲು ನೋಡೋಣ. ವಿಧಾನಸಭೆಯ ಸಾರ್ವತ್ರಿಕ ಚುನಾವಣೆಯಾದ ಮೇಲಿನ ಮೊದಲ ಅಧಿವೇಶನದ ಆರಂಭದಲ್ಲಿಯೂ, ಪ್ರತಿ ವರ್ಷದ ಮೊದಲ ಅಧಿವೇಶನದ ಆರಂಭದಲ್ಲಿಯೂ ರಾಜ್ಯಪಾಲರು ವಿಧಾನಸಭೆಯನ್ನು ಉದ್ದೇಶಿಸಿ ಭಾಷಣ ಮಾಡತಕ್ಕದ್ದು. ವಿಧಾನ ಪರಿಷತ್ತು ಇರುವ ರಾಜ್ಯದಲ್ಲಿ ಎರಡು ಸದನಗಳೂ ಒಟ್ಟಿಗೆ ಸೇರಿರುವಾಗ ಭಾಷಣ ಮಾಡತಕ್ಕದ್ದು. ಮಾಡಿ, ಶಾಸನ ಸಭೆಯನ್ನು ಕರೆದುದರ ಕಾರಣಗಳನ್ನು ಅದಕ್ಕೆ ತಿಳಿಸತಕ್ಕದ್ದು. ಮೂಲದಲ್ಲಿ ಪ್ರತಿಯೊಂದು ಅಧಿವೇಶನಕ್ಕೂ ಈ ಕಟ್ಟಳೆ ಇದ್ದಿತು. 1951ರ ಮೊದಲನೆಯ ತಿದ್ದುಪಡಿಯಿಂದ ಅದು ವರ್ಷಕ್ಕೊಮ್ಮೆ, ಮತ್ತು ಚುನಾವಣೆಯ ಬಳಿಕ ಒಮ್ಮೆ, ಎಂದಾಯಿತು. ಇಲ್ಲಿ 'ಮಾಡಬಹುದು' ಎಂಬ ಮಾತಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಇದರ ಹಿಂದಿನ 175ನೆಯ ಅನುಚ್ಛೇದದಲ್ಲಿ 'ಮಾಡಬಹುದು' ಎಂದಿದೆ. ಸಂವಿಧಾನ ರಚಿಸಿದ ಪಂಡಿತರು ಈ ಎರಡು ಮಾತುಗಳ ಅಂತರವನ್ನು ಅರಿಯದವರಲ್ಲ.

ಅವರು ಅದನ್ನು ಎಷ್ಟು ಚೆನ್ನಾಗಿ ಅರಿತಿದ್ದರೆಂಬುದಕ್ಕೆ ಬ್ರಿಟಿಷರ 1935ರ ಭಾರತ ಸರ್ಕಾರ ಕಾಯಿದೆಯೇ ಸಾಕ್ಷಿ. ಅದರ 63ನೆಯ ಪ್ರಕರಣದಲ್ಲಿ ಪ್ರಾಂತದ ಗವರ್ನರನು ತನ್ನ ಸ್ವವಿವೇಚನೆಯಂತೆ ಒಂದು ಸಭೆಯನ್ನಾಗಲಿ ಎರಡೂ ಸಭೆಗಳನ್ನು ಕೂಡಿಸಿಯಾಗಲಿ ಭಾಷಣ ಮಾಡಬಹುದೆಂದಿತ್ತು. ಮುಂಬಯಿ, ಮದ್ರಾಸು ಪ್ರಾಂತಗಳಲ್ಲಿದ್ದ ಕನ್ನಡಿಗರು ಆ ಕಾಯಿದೆಯ ಕೆಳಗೇ ಬಾಳಿದವರು. ಗವರ್ನರನಿಗೆ ಮನಸ್ಸು ಬಂದರೆ ಮಾತು, ಬಾರದಿದ್ದರೆ ಮೌನ. ಸ್ವತಂತ್ರ ಭಾರತದ ಸಂವಿಧಾನವು ಆ ಸ್ವವಿವೇಚನೆಯ ಮಾತನ್ನು ಇಲ್ಲಿಂದ ಕಿತ್ತುಹಾಕಿ, ಹಕ್ಕಾಗಿದ್ದುದನ್ನು ಕರ್ತವ್ಯವನ್ನಾಗಿ ಮಾಡಿತು. ಈಗಿನ ಕೆಲವು ರಾಜ್ಯಪಾಲರು ಹಳೆಯ 63ನೆಯ ಪ್ರಕರಣವೇ ಇನ್ನೂ ಜಾರಿಯಲ್ಲಿದೆಯೆಂದು ಭಾವಿಸಿದಂತೆ ನಡೆದುಕೊಳ್ಳುವುದು ಖೇದಕರ.

ಇನ್ನೊಂದು ವಿಷಯವನ್ನು ಅಧಿಕಾರಿವರ್ಗದವರೂ ಸಹ ಅನೇಕ ವೇಳೆ ಮರೆಯುತ್ತಾರೆ. ದಿಲ್ಲಿಯ ಸಂಸತ್ತಿನಲ್ಲಿ ಎರಡು ಸದನಗಳಿಗೆ ಒಂದು ಮಸೂದೆಯ ಬಗ್ಗೆ ಭಿನ್ನಮತ ಬಂದರೆ ಜಂಟಿ ಅಧಿವೇಶನ ಕೂಡಿ ತೀರ್ಮಾನಿಸುವ ಏರ್ಪಾಡಿದೆ. 1961ರಲ್ಲಿ ವರದಕ್ಷಿಣೆಯ ಮಸೂದೆಗೂ, 1978ರಲ್ಲಿ ಬ್ಯಾಂಕು ನೌಕರರ ನೇಮಕದ ಮಂಡಲಿಯನ್ನು ರದ್ದುಮಾಡುವ ಮಸೂದೆಗೂ, 2002ರಲ್ಲಿ ಭಯೋತ್ಪಾದನೆಯ ತಡೆಯ ಮಸೂದೆಗೂ ಹಾಗೆ ಕೂಡಿದ್ದುಂಟು. ರಾಜ್ಯಗಳಲ್ಲಿ ಆ ಏರ್ಪಾಡಿಲ್ಲ. ಪರಿಷತ್ತು ಎಷ್ಟೇ ವಿರೋಧಿಸಲಿ, ಕೆಲವು ಕಾಲ ತಡೆಯಬಹುದೇ ಹೊರತು, ಕೊನೆಗೆ ವಿಧಾನಸಭೆಯ ಮಾತೇ ನಡೆಯುತ್ತದೆ. ಆದುದರಿಂದ ನಮ್ಮ ರಾಜ್ಯದ ಎರಡು ಸದನಗಳು ಸಂವಿಧಾನದ ಕಟ್ಟಳೆಯಂತೆ ಒಂದಾಗಿ ಕೂಡುವುದು ರಾಜ್ಯಪಾಲರ ಭಾಷಣವನ್ನು ಕೇಳುವುದಕ್ಕಾಗಿ ಮಾತ್ರ. ವಿಧಾನಸಭೆಯ 224 ಮಂದಿ, ಪರಿಷತ್ತಿನ 75 ಮಂದಿ, ಅಂತು 299 ಪ್ರತಿನಿಧಿಗಳು. ಅವರಲ್ಲಿ ಜನಸಾಮಾನ್ಯರಿಂದ ನೇರ ಆರಿಸಿಬಂದವರು, ಪಂಚಾಯಿತಿ ಪುರಸಭೆಗಳಿಂದ ಆರಿಸಿಬಂದವರು, ಪದವೀಧರರಿಂದಲೂ ಉಪಾಧ್ಯಾಯರಿಂದಲೂ ಆರಿಸಿಬಂದವರು ಎಲ್ಲರೂ ಸೇರಿದ್ದಾರೆ. ಪರಿಷತ್ತಿಗೆ ಹಣದ ಮೇಲೆ ಅಧಿಕಾರವಿಲ್ಲ. ಮಂತ್ರಿಮಂಡಲವನ್ನು ಇಳಿಸುವ ಶಕ್ತಿಯೂ ಇಲ್ಲ. ಆದರೂ ವರ್ಷದ ಆ ಒಂದು ದಿನ ಅದು ವಿಧಾನಸಭೆಯ ಜತೆಯಲ್ಲಿ ಸರಿಸಮನಾಗಿ ಕುಳಿತು ಸರ್ಕಾರದ ಲೆಕ್ಕವನ್ನು ಕೇಳುತ್ತದೆ. ಇಂಥ ಕೂಟವನ್ನು ಎರಡು ಮಾತಿನಲ್ಲಿ ಮುಗಿಸಿ ಎದ್ದುಹೋದರೆ ಅವಮಾನವಾದುದು ಮುಖ್ಯಮಂತ್ರಿಗಲ್ಲ. ಮುಖ್ಯಮಂತ್ರಿಗೆ ಮಾತನಾಡಲು ಬೇರೆ ನೂರು ವೇದಿಕೆಗಳಿವೆ.

ಲೆಕ್ಕ ಒಪ್ಪಿಸುವ ಈ ಪದ್ಧತಿಯು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್ ತಿಂಗಳ ದಸರಾ ಸಮಯದಲ್ಲಿ, ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. ಕಳೆದ ವರ್ಷದ ಆಡಳಿತದ ಫಲಿತಾಂಶವನ್ನೂ ಮುಂದಿನ ವರ್ಷ ಮಾಡಬೇಕೆಂದಿರುವ ಕಾರ್ಯಕ್ರಮವನ್ನೂ ಪ್ರಜೆಗಳ ಮುಂದಿಡುವುದೇ ಅದನ್ನು ಕರೆದ ಉದ್ದೇಶವೆಂದು ಸರ್ಕಾರದ ಆಜ್ಞೆಯಲ್ಲಿಯೇ ಹೇಳಿತ್ತು. ಬಂದವರು 144 ಮಂದಿ. ಅವರು ಆರಿಸಿಬಂದವರಲ್ಲ, ಸರ್ಕಾರದಿಂದ ಕರೆಸಿಕೊಂಡ ರೈತರು, ಜಮೀನುದಾರರು, ವರ್ತಕರು. ಅವರಿಗೆ ಮತ ಕೊಡುವ ಹಕ್ಕಿರಲಿಲ್ಲ, ಆಯವ್ಯಯವನ್ನು ತಿದ್ದುವ ಹಕ್ಕಿರಲಿಲ್ಲ, ದಿವಾನರನ್ನು ಇಳಿಸುವ ಮಾತಂತೂ ಕನಸಿನಲ್ಲಿಯೂ ಇರಲಿಲ್ಲ. ದಿವಾನರು ಮಹಾರಾಜರ ಸೇವಕರೇ ಹೊರತು ಸಭೆಗೆ ಹೊಣೆಯಾದವರಲ್ಲ. ಹೀಗಿದ್ದರೂ ರಂಗಾಚಾರ್ಲು ಅವರೂ ಅವರ ತರುವಾಯ ಶೇಷಾದ್ರಿ ಅಯ್ಯರ್ ಅವರೂ, ಮುಂದೆ ವಿಶ್ವೇಶ್ವರಯ್ಯನವರೂ ಮಿರ್ಜಾ ಸಾಹೇಬರೂ ಆ ಸಭೆಯೆದುರು ನಿಂತು ಮಳೆ ಬೆಳೆ, ಕಂದಾಯ, ರೈಲು ದಾರಿ, ಕೆರೆ ಕಾಲುವೆ, ಗಣಿ, ಪಾಠಶಾಲೆ ಇವುಗಳ ವೃತ್ತಾಂತವನ್ನು ಅಂಕಿಸಂಖ್ಯೆಗಳೊಡನೆ ಹೇಳಿದರು. ಆ ಭಾಷಣಗಳು ಸಂಪುಟಗಳಾಗಿ ಅಚ್ಚಾಗಿವೆ. ಆ ಕಾಲದ ಮೈಸೂರನ್ನು ಅರಿಯಬೇಕೆನ್ನುವವರು ಇಂದಿಗೂ ಅವನ್ನೇ ಬಿಡಿಸಿ ನೋಡುತ್ತಾರೆ. ಅಧಿಕಾರವೇ ಇಲ್ಲದ ಸಭೆಗೆ ಅಂದಿನವರು ಪೂರ್ಣ ಲೆಕ್ಕ ಒಪ್ಪಿಸಿದರು. ಅಧಿಕಾರವೆಲ್ಲವೂ ಇರುವ ಸಭೆಗೆ ಇಂದು ಎರಡು ಮಾತು ಸಾಕಾಯಿತೆಂದರೆ ಅದನ್ನು ಅಭಿವೃದ್ಧಿಯೆನ್ನಲು ನಮಗೆ ನಾಲಗೆ ಬಾರದು.

ರಾಜ್ಯಪಾಲರು ಓದುವ ಮಾತು ಅವರದಲ್ಲವೆಂಬುದು ಎಲ್ಲರಿಗೂ ಗೊತ್ತು. 'ನನ್ನ ಸರ್ಕಾರ' ಎಂದು ಅವರು ಓದುವಾಗ ಆ ಸರ್ಕಾರ ಅವರದೆಂದು ಭಾವಿಸುವ ಮುಗ್ಧರು ನಮ್ಮ ಹಳ್ಳಿಗಳಲ್ಲಿಯೂ ಇಲ್ಲ. ಈ ಪದ್ಧತಿ ಇಂಗ್ಲೆಂಡಿನಿಂದ ಬಂದುದು. ಅಲ್ಲಿ ರಾಜನು ಪ್ರಭುಗಳ ಸಭೆಯಲ್ಲಿ ಸಿಂಹಾಸನದ ಮೇಲೆ ಕುಳಿತು ಮಂತ್ರಿಗಳು ಬರೆದುಕೊಟ್ಟುದನ್ನು ಓದುತ್ತಾನೆ. ಒಂದು ವರ್ಷ ಒಂದು ಪಕ್ಷದ ಕಾರ್ಯಕ್ರಮ, ಚುನಾವಣೆಯಾದ ಮೇಲೆ ಅದಕ್ಕೆ ನೇರ ವಿರುದ್ಧವಾದ ಇನ್ನೊಂದು ಪಕ್ಷದ ಕಾರ್ಯಕ್ರಮ. ಓದುವವನ ಕಂಠದಲ್ಲಿ ವ್ಯತ್ಯಾಸ ಕಾಣಕೂಡದು. ಅಲ್ಲಿಯ ಸಾಮಾನ್ಯರ ಸಭೆಯ ಒಂದು ಆಚಾರ ನಮಗೆ ಬಹಳ ಹಿಡಿಸಿದೆ. ರಾಜನ ಭಾಷಣ ಕೇಳಿ ತಮ್ಮ ಮಂದಿರಕ್ಕೆ ಹಿಂದಿರುಗಿದ ಸದಸ್ಯರು ಆ ಭಾಷಣದ ಚರ್ಚೆಗೆ ತೊಡಗುವ ಮುನ್ನ, ಅದಕ್ಕೆ ಯಾವ ಸಂಬಂಧವೂ ಇಲ್ಲದ ತಮ್ಮದೇ ಒಂದು ಮಸೂದೆಯನ್ನು ಹೆಸರಿಗೆ ಓದಿಸಿಕೊಳ್ಳುತ್ತಾರೆ. ರಾಜನು ಕರೆದ ಕಾರಣಕ್ಕೆ ಮಾತ್ರ ನಾವು ಕುಳಿತಿಲ್ಲ, ನಮ್ಮ ಕೆಲಸ ನಮಗುಂಟು, ಎಂಬುದು ಅದರ ಅರ್ಥ. 1642ರಲ್ಲಿ ಒಂದನೆಯ ಚಾರ್ಲ್ಸ್ ದೊರೆ ಐವರು ಸದಸ್ಯರನ್ನು ಹಿಡಿಯಲು ಆ ಸಭೆಗೆ ನುಗ್ಗಿದಂದಿನಿಂದ ಯಾವ ರಾಜನೂ ಅದರ ಹೊಸ್ತಿಲು ದಾಟಿಲ್ಲ. ರಾಜನ ಬಾಯಿಂದ ಮಾತು ಬಂದರೂ ಸಭೆಯ ಮಾನ ಸಭೆಯದೇ.

ನಮ್ಮಲ್ಲಿ ಗಮಕಿಗಳು ಕುಮಾರವ್ಯಾಸನ ಭಾರತವನ್ನು ವಾಚನ ಮಾಡುತ್ತಾರೆ. ದುರ್ಯೋಧನನ ಮಾತು ತನಗೆ ಒಪ್ಪಿಗೆಯಿಲ್ಲವೆಂದು ಆ ಪದ್ಯವನ್ನು ಬಿಟ್ಟು ಮುಂದಕ್ಕೆ ಹೋಗುವ ಗಮಕಿಯನ್ನು ನಾವು ಕಂಡಿಲ್ಲ. ಅರ್ಥ ಹೇಳಿ ಗುಣದೋಷ ವಿವೇಚಿಸುವುದು ವ್ಯಾಖ್ಯಾನಕಾರನ ಪಾಲಿನ ಕೆಲಸ. ಶಾಸನ ಸಭೆಯಲ್ಲಿ ಆ ವ್ಯಾಖ್ಯಾನದ ಕೆಲಸ ಸದಸ್ಯರಿಗೆ ಸೇರಿದುದು.

ಆದರೆ ಓದುವವನನ್ನೇ ಬೈಯುವ ಪದ್ಯವಾದರೆ? ಇದು ಸುಳ್ಳು ಪ್ರಶ್ನೆಯಲ್ಲ. ಪಶ್ಚಿಮ ಬಂಗಾಳದಲ್ಲಿ ಹೀಗೆಯೇ ಆಯಿತು. 1967ರ ನವೆಂಬರಿನಲ್ಲಿ ಅಲ್ಲಿಯ ರಾಜ್ಯಪಾಲ ಶ್ರೀ ಧರ್ಮವೀರರು ಅಜಯ್ ಮುಖರ್ಜಿಯವರ ಸಂಯುಕ್ತ ರಂಗದ ಮಂತ್ರಿಮಂಡಲವನ್ನು ವಜಾ ಮಾಡಿದರು. 1969ರ ಮಧ್ಯಂತರ ಚುನಾವಣೆಯಲ್ಲಿ ಅದೇ ರಂಗ ದೊಡ್ಡ ಬಹುಮತದಿಂದ ಮರಳಿ ಬಂದಿತು. ಆ ವರ್ಷದ ಮಾರ್ಚಿ 6ರಂದು ಧರ್ಮವೀರರ ಕೈಗೆ ಕೊಟ್ಟ ಭಾಷಣದಲ್ಲಿ ಅವರೇ ಮಾಡಿದ ಆ ವಜಾ ಕ್ರಮವನ್ನು ಖಂಡಿಸುವ ಎರಡು ಕಂಡಿಕೆಗಳಿದ್ದುವು. ಅವರು ಆ ಎರಡನ್ನು ಬಿಟ್ಟು ಉಳಿದುದನ್ನು ಓದಿದರು. ಸಭೆಯಲ್ಲಿ ಕೋಲಾಹಲವಾಯಿತು, ಸಂಸತ್ತಿನಲ್ಲಿ ವಾದವಾಯಿತು. (ಇದೇ ಧರ್ಮವೀರರು ಅದೇ ವರ್ಷದಲ್ಲಿ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿ ಬಂದು 1972ರವರೆಗೆ ಇಲ್ಲಿದ್ದರೆಂಬುದನ್ನು ಹಿರಿಯ ವಾಚಕರು ನೆನೆಯಬಹುದು.) ಅವರ ಪಕ್ಷದ ವಾದವೇನೆಂದರೆ, ಆ ಕಂಡಿಕೆಗಳು ಸರ್ಕಾರದ ನೀತಿಯೂ ಅಲ್ಲ ಕಾರ್ಯಕ್ರಮವೂ ಅಲ್ಲ, ತಮ್ಮ ಕಾರ್ಯವನ್ನು ತಾವೇ ಖಂಡಿಸಿಕೊಳ್ಳಬೇಕೆಂಬುದು ಅನ್ಯಾಯ ಎಂಬುದು. ಮನುಷ್ಯಸಹಜವಾದ ಮಾತು. ಗೆದ್ದುಬಂದ ಮಂತ್ರಿಗಳು ಸೋತವನ ಬಾಯಿಂದಲೇ ತಮ್ಮ ಜಯಘೋಷ ಮಾಡಿಸಹೊರಟುದು ಸಜ್ಜನರ ನಡತೆಯಲ್ಲವೆಂದು ನಾವೂ ಒಪ್ಪುತ್ತೇವೆ. ಆದರೂ ನಮ್ಮ ತೀರ್ಪು ಧರ್ಮವೀರರ ಕಡೆಗಿಲ್ಲ. ಆಕ್ಷೇಪವನ್ನು ಮೊದಲೇ ಬರೆದು ತಿಳಿಸಿ, ಮಾತನ್ನು ತಿದ್ದಿರೆಂದು ಮಂತ್ರಿಗಳನ್ನು ಕೇಳಿ, ಅವರು ಒಪ್ಪದಿದ್ದರೆ ಓದಬೇಕಾಗಿತ್ತು. ಓದಿದ್ದರೆ ಅಪಹಾಸ್ಯ ಮಂತ್ರಿಗಳಿಗೆ ತಗಲುತ್ತಿತ್ತು. ಇಂದು ತನ್ನನ್ನು ನಿಂದಿಸುವ ಎರಡು ಕಂಡಿಕೆ ಬಿಡಬಹುದೆಂದಾದರೆ, ನಾಳೆ ತನ್ನನ್ನು ನೇಮಿಸಿದವರನ್ನು ನಿಂದಿಸುವ ಹನ್ನೆರಡು ಕಂಡಿಕೆ ಬಿಡಬಹುದು; ನಾಡಿದ್ದು ಭಾಷಣವನ್ನೇ ಬಿಡಬಹುದು. ಬಿರುಕು ಎಲ್ಲಿ ಬಿಟ್ಟಿತೋ ಕಟ್ಟೆ ಅಲ್ಲಿಯೇ ಒಡೆಯಿತು.

ತರುವಾಯದ ಕಥೆಯು ಇದನ್ನೇ ತೋರಿಸುತ್ತದೆ. ತಮಿಳುನಾಡಿನಲ್ಲಿ 2023ರ ಜನವರಿ 9ರಂದು ಅಂದಿನ ರಾಜ್ಯಪಾಲ ಶ್ರೀ ಆರ್. ಎನ್. ರವಿಯವರು ಭಾಷಣದ ಕೆಲವು ಭಾಗಗಳನ್ನು ಬಿಟ್ಟರು. ಅಚ್ಚಾದ ಪಾಠವನ್ನೇ ಸಭೆಯ ದಾಖಲೆಯಲ್ಲಿ ಇರಿಸಬೇಕೆಂದು ಮುಖ್ಯಮಂತ್ರಿ ಸ್ಟಾಲಿನ್ನರು ನಿರ್ಣಯ ತಂದಾಗ ಅವರು ಸಭೆಯಿಂದ ಹೊರನಡೆದರು. 2024ರಲ್ಲಿ ಆರಂಭದ ಮಾತುಗಳಷ್ಟೇ ಆದುವು. 2025ರ ಜನವರಿಯಲ್ಲಿ, ರಾಷ್ಟ್ರಗೀತೆಯ ವಿಷಯವನ್ನೆತ್ತಿ, ಭಾಷಣವನ್ನು ಓದದೆಯೇ ಹೋದರು. ಮೂರು ವರ್ಷಗಳಲ್ಲಿ ಕಂಡಿಕೆಯಿಂದ ಆರಂಭವಾದುದು ಸಂಪೂರ್ಣ ಮೌನಕ್ಕೆ ಮುಟ್ಟಿತು. ಕೇರಳದ ನಿದರ್ಶನ ಇನ್ನೂ ವಿಚಿತ್ರ. 2020ರ ಜನವರಿಯಲ್ಲಿ ಅಲ್ಲಿಯ ರಾಜ್ಯಪಾಲ ಶ್ರೀ ಆರಿಫ್ ಮೊಹಮ್ಮದ್ ಖಾನರು ಪೌರತ್ವ ತಿದ್ದುಪಡಿ ಕಾಯಿದೆಯನ್ನು ವಿರೋಧಿಸುವ 18ನೆಯ ಕಂಡಿಕೆಗೆ ಬಂದಾಗ, ಇದು ನೀತಿ ಕಾರ್ಯಕ್ರಮಗಳೊಳಗೆ ಬಾರದೆಂದು ತಮ್ಮ ಅಭಿಪ್ರಾಯವಿದ್ದರೂ ಮುಖ್ಯಮಂತ್ರಿಯ ಇಚ್ಛೆಯನ್ನು ಮನ್ನಿಸಿ ಓದುತ್ತೇನೆಂದು ಹೇಳಿ ಓದಿದರು. ಅದು ಗೌರವಾರ್ಹವಾದ ನಡತೆ. ತಮ್ಮ ಭಿನ್ನಮತವೂ ಲೋಕಕ್ಕೆ ತಿಳಿಯಿತು, ಕರ್ತವ್ಯವೂ ಕೆಡಲಿಲ್ಲ. ಅದೇ ಮಹಾಶಯರು 2024ರ ಜನವರಿ 25ರಂದು ಭಾಷಣದ ಕೊನೆಯ ಕಂಡಿಕೆಯನ್ನು ಮಾತ್ರ ಓದಿ ಎರಡು ನಿಮಿಷದೊಳಗೆ ಹೊರಟರು. ನಾಲ್ಕು ವರ್ಷಗಳಲ್ಲಿ ಸಂವಿಧಾನದ ಅಕ್ಷರ ಬದಲಾಗಿರಲಿಲ್ಲ.

ನ್ಯಾಯಸ್ಥಾನಗಳು ಇಲ್ಲಿ ಹೆಚ್ಚಿನ ನೆರವು ಕೊಡಲಾರವು. ರಾಜ್ಯಪಾಲರು ಕೆಲವು ಅಪವಾದಗಳ ಹೊರತು ಮಂತ್ರಿಮಂಡಲದ ಸಲಹೆಯಂತೆಯೇ ನಡೆಯತಕ್ಕದ್ದೆಂದು 1974ರ ಶಂಷೇರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರು ಹೇಳಿದ್ದಾರೆ. ಆದರೆ ಓದದಿದ್ದವರಿಗೆ ಶಿಕ್ಷೆಯಿಲ್ಲ. ಅವರು ತಮ್ಮ ಅಧಿಕಾರನಿರ್ವಹಣೆಗಾಗಿ ನ್ಯಾಯಾಲಯಕ್ಕೆ ಉತ್ತರ ಹೇಳಬೇಕಾದವರೂ ಅಲ್ಲ.

ಇಷ್ಟನ್ನು ಹೇಳಿ ಮಂತ್ರಿಗಳನ್ನು ಬಿಟ್ಟುಬಿಟ್ಟರೆ ನಮ್ಮ ಲೇಖನಿ ಪಕ್ಷಪಾತಿಯಾದೀತು. ಎಲ್ಲ ಪಕ್ಷಗಳ ಸರ್ಕಾರಗಳ ಕೈಯಲ್ಲಿಯೂ ಈ ಭಾಷಣವು ವರ್ಷದಿಂದ ವರ್ಷಕ್ಕೆ ಆತ್ಮಸ್ತುತಿಯ ಮೂಟೆಯಾಗುತ್ತ ಬಂದಿದೆ. ಇಲಾಖೆಗೊಂದು ಪುಟ, ಪುಟಕ್ಕೊಂದು ಯೋಜನೆಯ ಹೆಸರು, ಯೋಜನೆಗೊಂದು ಕೋಟಿಯ ಲೆಕ್ಕ. ಯಾವ ಕೆಲಸ ಅರ್ಧಕ್ಕೆ ನಿಂತಿತು, ಏಕೆ ನಿಂತಿತು, ಎಷ್ಟು ಹುದ್ದೆ ಖಾಲಿ ಬಿದ್ದಿವೆ ಎಂಬುದರ ಸುಳಿವೇ ಇಲ್ಲ. ಕೇಂದ್ರದ ಕಾಯಿದೆಯಿಂದ ರಾಜ್ಯದ ಕೂಲಿಕಾರರಿಗೆ ನಷ್ಟವಾಗುವುದೆಂದು ಮಂತ್ರಿಮಂಡಲವು ನಂಬಿದ್ದರೆ ಅದನ್ನು ಹೇಳುವ ಹಕ್ಕು ಅದಕ್ಕೆ ನಿಸ್ಸಂದೇಹವಾಗಿ ಉಂಟು. ರಾಜ್ಯದ ಹಿತವು ಈ ಭಾಷಣದ ವಿಷಯವಲ್ಲದೆ ಮತ್ತಾವುದು? ಆದರೆ ಹೇಳುವ ರೀತಿಯಲ್ಲಿ ಸರ್ಕಾರದ ಗಾಂಭೀರ್ಯವಿರಬೇಕು. ಎಷ್ಟು ಕೂಲಿದಿನ ಕಡಮೆಯಾದೀತು, ರಾಜ್ಯದ ಬೊಕ್ಕಸಕ್ಕೆ ಎಷ್ಟು ಹೊರೆ ಬಿದ್ದೀತು, ಯಾವ ಜಿಲ್ಲೆಗಳಿಗೆ ಕಷ್ಟ ಎಂದು ಅಂಕಿಗಳಿಂದ ಹೇಳಿದ ಕಂಡಿಕೆಯನ್ನು ಓದಲು ನಿರಾಕರಿಸುವ ರಾಜ್ಯಪಾಲರು ಜನರ ಮುಂದೆ ಒಂಟಿಯಾಗಿ ನಿಲ್ಲಬೇಕಾಗುತ್ತದೆ. ಚುನಾವಣಾ ವೇದಿಕೆಯ ವಿಶೇಷಣಗಳಿಂದ ತುಂಬಿದ ಕಂಡಿಕೆಯಾದರೋ, ಅವರಿಗೆ ನೆಪವನ್ನು ಬೆಳ್ಳಿ ತಟ್ಟೆಯಲ್ಲಿಟ್ಟು ಕೊಟ್ಟಂತೆ.

ಸದಸ್ಯರೂ ನಿರ್ದೋಷಿಗಳಲ್ಲ. 1965ರಲ್ಲಿ ಪಶ್ಚಿಮ ಬಂಗಾಳದ ರಾಜ್ಯಪಾಲರಾಗಿದ್ದ ಶ್ರೀಮತಿ ಪದ್ಮಜಾ ನಾಯಿಡು ಅವರಿಗೆ ಗದ್ದಲದಲ್ಲಿ ಭಾಷಣ ಓದಲಾಗದೆ, ಪ್ರತಿಯನ್ನು ಸಭೆಯಲ್ಲಿರಿಸಿ ಹೋಗಬೇಕಾಯಿತು. ಅಧಿವೇಶನವೇ ಅಸಿಂಧುವೆಂದು ಕೆಲವರು ವಾದ ಹೂಡಿದಾಗ ಕಲ್ಕತ್ತಾ ಹೈಕೋರ್ಟು ಅದನ್ನು ಒಪ್ಪಲಿಲ್ಲ. ಅಂದು ಓದಬೇಕೆಂದವರನ್ನು ಸದಸ್ಯರು ಓದಗೊಡಲಿಲ್ಲ. ಇಂದು ಕೇಳಬೇಕೆಂದವರಿಗೆ ಓದಬೇಕಾದವರು ಓದುವುದಿಲ್ಲ. ರಾಜ್ಯಪಾಲರು ಹೊರಡುವಾಗ ಹಾದಿಗೆ ಅಡ್ಡ ನಿಲ್ಲುವುದು, ಧಿಕ್ಕಾರ ಕೂಗುವುದು, ಕಾಗದ ಹರಿದು ತೂರುವುದು ಇವು ಯಾವ ಪಕ್ಷದವರು ಮಾಡಿದರೂ ಸಭೆಯ ಮಾನವನ್ನು ಸಭೆಯೇ ಕಳೆದುಕೊಂಡಂತೆ.

ಹಾಗಾದರೆ ಈ ಭಾಷಣವನ್ನೇ ತೆಗೆದುಹಾಕಿದರೇನು ಎಂಬ ಮಾತೂ ಕೇಳಿಬಂದಿದೆ. ನಾವು ಇದಕ್ಕೆ ಸಮ್ಮತಿಸಲಾರೆವು. ಭಾಷಣಕ್ಕೆ ವಂದನೆ ಸಲ್ಲಿಸುವ ನಿರ್ಣಯದ ಮೇಲೆ ಎರಡು ಸದನಗಳಲ್ಲಿಯೂ ಕೆಲವು ದಿನ ಚರ್ಚೆ ನಡೆಯುತ್ತದೆ. ಆಯವ್ಯಯದ ಚರ್ಚೆಗೆ ಹಣದ ಮೇರೆಯಿದೆ, ಮಸೂದೆಯ ಚರ್ಚೆಗೆ ಮಸೂದೆಯ ಮೇರೆಯಿದೆ. ಈ ಚರ್ಚೆಗೆ ಮಾತ್ರ ಆಡಳಿತವೆಲ್ಲವೂ ವಿಷಯ. ಬೀದರದ ಸದಸ್ಯನು ಕುಡಿಯುವ ನೀರನ್ನೂ ಚಾಮರಾಜನಗರದ ಸದಸ್ಯನು ಕಾಡಾನೆಯನ್ನೂ ಒಂದೇ ನಿರ್ಣಯದ ಕೆಳಗೆ ಎತ್ತಬಹುದು. ವಂದನಾ ನಿರ್ಣಯಕ್ಕೆ ತಿದ್ದುಪಡಿ ಸೂಚಿಸಿ, ಭಾಷಣದಲ್ಲಿ ಹೇಳದೆ ಬಿಟ್ಟುದಕ್ಕೆ ವಿಷಾದ ಸೂಚಿಸಬಹುದು. ವಿಧಾನಸಭೆಯಲ್ಲಿ ಅಂಥ ತಿದ್ದುಪಡಿ ಗೆದ್ದರೆ ಮಂತ್ರಿಮಂಡಲವು ಸಭೆಯ ವಿಶ್ವಾಸವನ್ನು ಕಳೆದುಕೊಂಡಂತೆಯೇ. ಭಾಷಣವನ್ನು ಕಿತ್ತರೆ ಈ ಬಾಗಿಲೂ ಮುಚ್ಚುತ್ತದೆ. ಅದರಿಂದ ಸಂತೋಷಪಡುವವರು ಎಲ್ಲ ಕಾಲದ ಮಂತ್ರಿಗಳು.

ಸಂವಿಧಾನವನ್ನು ಮುಟ್ಟದೆ ನಮ್ಮ ಸದನಗಳೇ ಮಾಡಬಹುದಾದ ಕೆಲಸ ಬಹಳಷ್ಟಿದೆ. ಭಾಷಣದ ಕರಡು ಅಧಿವೇಶನಕ್ಕೆ ಹದಿನೈದು ದಿನ ಮೊದಲೇ ರಾಜಭವನವನ್ನು ತಲಪಬೇಕು. ಹಿಂದಿನ ರಾತ್ರಿ ಕಳುಹಿಸಿ ಮರುದಿನ ಓದಿರೆನ್ನುವುದು ಮರ್ಯಾದೆಯಲ್ಲ. ರಾಜ್ಯಪಾಲರು ಆಕ್ಷೇಪಗಳನ್ನು ಒಂದು ವಾರದೊಳಗೆ ಲಿಖಿತವಾಗಿ ತಿಳಿಸಲಿ. ಮಂತ್ರಿಮಂಡಲವು ಒಪ್ಪಿದುದನ್ನು ತಿದ್ದಿ, ಒಪ್ಪದುದಕ್ಕೆ ಕಾರಣ ಕೊಡಲಿ. ಬಳಿಕ ಕೊನೆಯ ಪಾಠವನ್ನು ಅವರು ಪೂರ್ಣವಾಗಿ ಓದಲಿ. ರಾಜ್ಯಪಾಲರು ಬಯಸಿದರೆ ಅವರ ಆಕ್ಷೇಪಪತ್ರವನ್ನೂ ಮಂತ್ರಿಮಂಡಲದ ಉತ್ತರವನ್ನೂ ಭಾಷಣದ ಪ್ರತಿಯೊಡನೆ ಸದನಗಳ ಮುಂದಿರಿಸಬಹುದೆಂದು ನಮಗೆ ತೋರುತ್ತದೆ. ಇದರಿಂದ ರಾಜ್ಯಪಾಲರ ಹೆಸರು ಚರ್ಚೆಗೆ ಎಳೆಯಲ್ಪಡುವುದೆಂದು ನಿಯಮಜ್ಞರು ಹುಬ್ಬು ಗಂಟಿಕ್ಕಿಯಾರು. ಭಾಷಣವನ್ನು ಅರ್ಧಕ್ಕೆ ನಿಲ್ಲಿಸಿ ಹೊರನಡೆದಾಗ ಆ ಹೆಸರು ಎಳೆಯಲ್ಪಟ್ಟುದಕ್ಕಿಂತ ಹೆಚ್ಚೇನೂ ಆಗಲಾರದು.

ಇನ್ನೊಂದು ಸೂಚನೆ. ನಮ್ಮ ರಾಜ್ಯಪಾಲರು ಬಹುಮಟ್ಟಿಗೆ ಪರಪ್ರಾಂತದವರು. ಅವರಿಗೆ ಕನ್ನಡ ಬಾರದಿರುವುದು ಅವರ ದೋಷವಲ್ಲ. ಚೆನ್ನೈಯಲ್ಲಿ ರಾಜ್ಯಪಾಲರು ಇಂಗ್ಲಿಷಿನಲ್ಲಿ ಓದಿದ ಬಳಿಕ ಅದೇ ಕೂಟದಲ್ಲಿ ಸಭಾಧ್ಯಕ್ಷರು ತಮಿಳು ಪಾಠವನ್ನು ಓದುವ ರೂಢಿಯಿದೆ. 2024ರಲ್ಲಿ ರಾಜ್ಯಪಾಲರು ನಿಲ್ಲಿಸಿದಾಗ ಸಭೆಗೆ ಲೆಕ್ಕ ಮುಟ್ಟಿದುದು ಆ ತಮಿಳು ಪಾಠದಿಂದಲೇ. ಕನ್ನಡ ಬಾರದ ರಾಜ್ಯಪಾಲರು ಇರುವಾಗ ಬೆಂಗಳೂರಿನಲ್ಲಿಯೂ ವಿಧಾನಸಭೆಯ ಅಧ್ಯಕ್ಷರು ಉಭಯ ಸದನಗಳೆದುರು ಕನ್ನಡ ಪಾಠವನ್ನು ಆದ್ಯಂತ ಓದುವುದನ್ನು ನಿಯಮವನ್ನಾಗಿ ಮಾಡಲಿ. ಅದರ ಅಚ್ಚಿನ ಪ್ರತಿಗಳು ಆ ವಾರದಲ್ಲಿಯೇ ಪ್ರತಿಯೊಂದು ತಾಲ್ಲೂಕಿನ ಗ್ರಂಥಾಲಯಕ್ಕೂ ಗ್ರಾಮ ಪಂಚಾಯಿತಿಗೂ ಹೋಗಲಿ.